ವಿಂಚ್ ಕಟ್ಟಿಸುವ ಮುನ್ನ ಒಂದಿಷ್ಟು ಲೆಕ್ಕ

ಮಳೆಗಾಲ ಬಂತೆಂದರೆ ಸಾಕು, ನಮ್ಮ ಹಾಸ್ಟೆಲ್ ವಾಟ್ಸಾಪ್ ಗುಂಪುಗಳಲ್ಲಿ ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಕೆಸರು ದಾರಿಗಳ ವಿಡಿಯೋಗಳು ಓಡಾಡೋಕೆ ಶುರು. ಹೊಟ್ಟೆ ತನಕ ಹೂತ ಜೀಪು, ಎದುರಿಗೊಂದು ಮರ, ನಡುವೆ ಬಿಗಿದ ಹಗ್ಗ. ಯಾರೋ ಬಟನ್ ಒತ್ತುತ್ತಾರೆ, ಜೀಪು ಮೆಲ್ಲಗೆ ಮೇಲೆ ಬರುತ್ತೆ. ನೋಡಿದವರಿಗೆ 'ಇಷ್ಟೇನಾ' ಅನ್ನಿಸೋದು ಸಹಜ.

ಆದರೆ ಆ ಪುಟ್ಟ ಯಂತ್ರದಲ್ಲಿ ಸುಮಾರು 4 ಟನ್ ಎಳೆತವೂ 400 ಆಂಪಿಯರ್ ಕರೆಂಟೂ ಒಟ್ಟಿಗೆ ಕೂತಿರುತ್ತವೆ. ಎಳೆತದ ಲೆಕ್ಕ ತಪ್ಪಿದರೆ ಹಗ್ಗವೋ ಕೊಕ್ಕೆಯೋ ಹಾರಿ ಯಾರದೋ ಮೈಗೆ ಬಡಿಯುತ್ತೆ. ಕರೆಂಟಿನ ಲೆಕ್ಕ ತಪ್ಪಿದರೆ ಬಾನೆಟ್ಟಿನ ಕೆಳಗೆ ಬೆಂಕಿ. ಒಳ್ಳೆ ಸುದ್ದಿ ಏನಪ್ಪಾ ಅಂದ್ರೆ, ಇವೆರಡನ್ನೂ ತಪ್ಪಿಸೋಕೆ ಮೊದಲ ವರ್ಷದ ಮೆಕ್ಯಾನಿಕ್ಸ್ ಮತ್ತು ಬೇಸಿಕ್ ಎಲೆಕ್ಟ್ರಿಕಲ್ ಸಾಕು.

ಎಷ್ಟು ದೊಡ್ಡ ವಿಂಚ್ ಬೇಕು?

ವಿಂಚ್ ಅಂದರೆ ಒಂದು ಡಿಸಿ ಮೋಟಾರು, ಅದರ ವೇಗವನ್ನು ಇಳಿಸಿ ಟಾರ್ಕ್ ಏರಿಸುವ ಪ್ಲಾನೆಟರಿ ಗೇರುಗಳು, ಹಗ್ಗ ಸುತ್ತುವ ಡ್ರಮ್ಮು. ಅಷ್ಟೇ. ಗಾತ್ರ ಆರಿಸೋಕೆ ಎಲ್ಲರೂ ಬಳಸುವ ಸೂತ್ರ: ಸಾಮಾನು, ಜನ ಎಲ್ಲ ಸೇರಿಸಿದ ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು.

ಒಂದೂವರೆ ಯಾಕೆ? 2,200 ಕಿಲೋ ಗಾಡಿ 30 ಡಿಗ್ರಿ ಏರಿನಲ್ಲಿ ನಿಂತಿದೆ ಎಂದುಕೊಳ್ಳಿ. ಸೈನ್ 30 ಅಂದರೆ ಅರ್ಧ, ಹಾಗಾಗಿ ಏರಿಗೇ 1,100 ಕಿಲೋ ಎಳೆತ ಬೇಕು. ಅದರ ಮೇಲೆ ಚಕ್ರ ಕೆಸರಲ್ಲಿ ಹೂತಿದ್ದರೆ ಕೆಸರನ್ನು ದೂಡಬೇಕು, ಅದರ ಅಂಟನ್ನು ಬಿಡಿಸಬೇಕು. ಇವೆಲ್ಲ ಸೇರಿ ಎಳೆತ ಗಾಡಿಯ ಪೂರ್ತಿ ತೂಕದ ಹತ್ತಿರ ಬರಬಹುದು, ದಾಟಲೂಬಹುದು. ಅದಕ್ಕೇ 2,200ಕ್ಕೆ 3,300 ಕಿಲೋ ಲೆಕ್ಕ.

ಅಂಗಡಿಯಲ್ಲಿ ವಿಂಚ್‌ಗಳನ್ನು ಪೌಂಡಿನಲ್ಲಿ ಅಳೆದು ಮಾರುತ್ತಾರೆ. 8,000 ಪೌಂಡ್ ಅಂದರೆ ಸುಮಾರು 3,630 ಕಿಲೋ. ಸಾಕಲ್ವಾ? ಇಲ್ಲೇ ಒಂದು ಗುಟ್ಟಿದೆ. ಡಬ್ಬದ ಮೇಲಿನ ಸಂಖ್ಯೆ ಡ್ರಮ್ಮಿನ ಮೊದಲ ಸುತ್ತಿನ ಪದರಕ್ಕೆ ಮಾತ್ರ. ಡ್ರಮ್ ತಿರುಗಿಸುವ ಟಾರ್ಕ್ ಅಷ್ಟೇ ಇರುತ್ತೆ, ಆದರೆ ಹಗ್ಗ ಪದರದ ಮೇಲೆ ಪದರ ಕೂತಂತೆ ತ್ರಿಜ್ಯ ಹೆಚ್ಚುತ್ತೆ. ತ್ರಿಜ್ಯ ಹೆಚ್ಚಿದರೆ ಎಳೆತ ಇಳೀಬೇಕು ತಾನೇ?

64 ಮಿಲಿಮೀಟರ್ ವ್ಯಾಸದ ಡ್ರಮ್ಮು, 8 ಮಿಲಿಮೀಟರ್ ಹಗ್ಗ ಅಂತಿಟ್ಟುಕೊಳ್ಳಿ. ಹಗ್ಗದ ನಡುಗೆರೆಯ ತನಕ ಅಳೆದರೆ ಮೊದಲ ಪದರದ ತ್ರಿಜ್ಯ 36, ಎರಡನೆಯದು 44, ಮೂರನೆಯದು 52, ನಾಲ್ಕನೆಯದು 60 ಮಿಲಿಮೀಟರ್. 9,500 ಪೌಂಡಿನ, ಅಂದರೆ ಸುಮಾರು 4,300 ಕಿಲೋದ ವಿಂಚು ಎರಡನೇ ಪದರದಲ್ಲಿ ಸುಮಾರು 3,520, ಮೂರನೆಯದರಲ್ಲಿ 2,980, ನಾಲ್ಕನೆಯದರಲ್ಲಿ 2,580 ಕಿಲೋ ಮಾತ್ರ ಎಳೆಯುತ್ತೆ. 8,000 ಪೌಂಡಿನದು ಎರಡನೇ ಪದರದಲ್ಲೇ 3,000ಕ್ಕಿಂತ ಕೆಳಗಿಳಿಯುತ್ತೆ. ಹಾಗಾಗಿ ನಮ್ಮ ಉದಾಹರಣೆಯ ಗಾಡಿಗೆ 9,500 ಸರಿ. ಇನ್ನೂ ದೊಡ್ಡದು ತಂದರೆ ಮುಂದಿನ ಸ್ಪ್ರಿಂಗುಗಳ ಮೇಲೆ ಸುಮ್ನೆ ಭಾರ.

ಇದರಿಂದ ಹೊರಡುವ ಪಾಠ: ಹತ್ತಿರದ ಮರಕ್ಕಿಂತ ದೂರದ ಮರ ಒಳ್ಳೆಯದು. ಹಗ್ಗ ಹೆಚ್ಚು ಬಿಚ್ಚಿದಷ್ಟೂ ಎಳೆತ ಹೆಚ್ಚು. ಆದರೆ ಪೂರ್ತಿ ಬಿಚ್ಚಬಾರದು. ಡ್ರಮ್ಮಿಗೆ ಹಗ್ಗ ಕಟ್ಟಿರುವ ತುದಿ ಭಾರ ಹೊರೋಕೆ ಅಲ್ಲ, ಸುತ್ತಿನ ಘರ್ಷಣೆಯೇ ಹೊರುವುದು. ಉಕ್ಕಿನ ಹಗ್ಗವಾದರೆ ಕನಿಷ್ಠ 5 ಸುತ್ತು, ಜಾರುವ ಸಿಂಥೆಟಿಕ್ ಆದರೆ ಕನಿಷ್ಠ 8 ಸುತ್ತು ಉಳಿದಿರಲಿ. ಕೈಪಿಡಿ ಇನ್ನೂ ಹೆಚ್ಚು ಕೇಳಿದರೆ ಅಷ್ಟು ಬಿಡಿ.

ಬಾವಿಯ ರಾಟೆ ನೋಡಿದವರಿಗೆ ಇನ್ನೊಂದು ದಾರಿಯೂ ಹೊಳೆದಿರುತ್ತೆ. ಮರಕ್ಕೆ ರಾಟೆ ಕಟ್ಟಿ, ಹಗ್ಗವನ್ನು ಅದರ ಮೂಲಕ ಹಾಯಿಸಿ ಮತ್ತೆ ಗಾಡಿಯ ಕೊಕ್ಕೆಗೇ ತಂದರೆ ಎಳೆತ ಹತ್ತಿರ ಹತ್ತಿರ ದುಪ್ಪಟ್ಟು, ವೇಗ ಅರ್ಧ. ಆದರೆ ಮರ, ಪಟ್ಟಿ, ರಾಟೆ ಇವುಗಳ ಮೇಲೆ ಬೀಳುವ ಬಲವೂ ದುಪ್ಪಟ್ಟು. ಅದಕ್ಕೆ ತಕ್ಕ ಸಾಮಾನೇ ಇರಬೇಕು.

400 ಆಂಪಿಯರ್ ಎಲ್ಲಿಂದ ಬರುತ್ತೆ?

ಪೂರ್ತಿ ಭಾರದಲ್ಲಿ ಇಂಥ 12 ವೋಲ್ಟ್ ವಿಂಚು 400 ಆಂಪಿಯರ್ ಆಸುಪಾಸು ಎಳೆಯುತ್ತೆ. ಆಲ್ಟರ್ನೇಟರ್ ಕೊಡೋದು ಹೆಚ್ಚೆಂದರೆ ನೂರರ ಹತ್ತಿರ ಅನ್ನಿ. ಉಳಿದ 300 ಬ್ಯಾಟರಿಯಿಂದಲೇ ಬರಬೇಕು. ಒಂದು ನಿಮಿಷಕ್ಕೆ 5 ಆಂಪಿಯರ್-ಅವರ್, ಐದು ನಿಮಿಷಕ್ಕೆ 25. ಬ್ಯಾಟರಿ 65 ಆಂಪಿಯರ್-ಅವರ್ ಇದ್ದರೂ ಇಷ್ಟು ಜೋರಾಗಿ ಹೀರಿದಾಗ ಲೆಡ್-ಆಸಿಡ್ ಬ್ಯಾಟರಿ ತನ್ನ ಪೂರ್ತಿ ಸಾಮರ್ಥ್ಯ ಕೊಡೋಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಇಂಜಿನ್ ಚಾಲೂ ಇರಲಿ, ಸ್ವಲ್ಪ ಸ್ವಲ್ಪವೇ ಎಳೆಯಿರಿ, ನಡುವೆ ಬಿಡುವು ಕೊಡಿ. ಈ ಬಿಡುವು ಮೋಟಾರಿಗೂ ಬೇಕು. ಒಳಹೋದ ಸುಮಾರು 4.8 ಕಿಲೋವ್ಯಾಟಿನಲ್ಲಿ ಬಹುಪಾಲು ಶಾಖವಾಗಿಯೇ ಹೋಗೋದು.

ಈಗ ಕೇಬಲ್. ಬ್ಯಾಟರಿಯಿಂದ ವಿಂಚಿಗೆ 2 ಮೀಟರ್, ವಾಪಸ್ 2 ಮೀಟರ್, ಒಟ್ಟು 4. 16 ಚದರ ಮಿಲಿಮೀಟರ್ ತಾಮ್ರದ ಕೇಬಲ್ಲಿನ ರೋಧ ಸುಮಾರು 4.3 ಮಿಲಿಓಮ್. ಕೇಳೋಕೆ ಏನೂ ಅಲ್ಲ. 400ರಿಂದ ಗುಣಿಸಿ ನೋಡಿ: 1.7 ವೋಲ್ಟ್ ದಾರಿಯಲ್ಲೇ ಖಾಲಿ, ಕೇಬಲ್ಲಿನಲ್ಲಿ ಸುಮಾರು 690 ವ್ಯಾಟ್ ಬಿಸಿ. ಇಸ್ತ್ರಿಪೆಟ್ಟಿಗೆಯಷ್ಟು! 35 ಚದರ ಮಿಲಿಮೀಟರ್ ಹಾಕಿದರೆ ನಷ್ಟ 0.8 ವೋಲ್ಟಿಗೆ, ಬಿಸಿ 315 ವ್ಯಾಟಿಗೆ ಇಳಿಯುತ್ತೆ. ಕೇಬಲ್ಲಿನಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ. ನೆಗೆಟಿವ್ ಕೇಬಲ್ಲನ್ನೂ ಬಂಪರಿನ ಬೋಲ್ಟಿಗೆ ಸಿಕ್ಕಿಸದೆ ನೇರ ಬ್ಯಾಟರಿಗೇ ತನ್ನಿ. ತುಕ್ಕು, ಬಣ್ಣ ಇರುವ ಕಡೆ ಒಂದೆರಡು ಮಿಲಿಓಮ್ ಸೇರಿದರೂ ಕಥೆ ಮುಗೀತು.

ಒಂದು ಸ್ವಿಚ್ಚು, ಒಂದು ಜೀವ

ಮೋಟಾರನ್ನು ಆನ್-ಆಫ್ ಮಾಡೋದು, ಹಿಂದೆ-ಮುಂದೆ ತಿರುಗಿಸೋದು ಕಾಂಟ್ಯಾಕ್ಟರ್. ರಿಮೋಟಿನ ಸಣ್ಣ ಕರೆಂಟು ಅದರ ಕಾಯಿಲ್‌ಗೆ ಹೋಗುತ್ತೆ, ಕಾಯಿಲ್ ದೊಡ್ಡ ಸಂಪರ್ಕಗಳನ್ನು ಒತ್ತಿ ಹಿಡಿಯುತ್ತೆ. ಬ್ಯಾಟರಿ ಸೋತು ವೋಲ್ಟೇಜ್ ಬಿದ್ದರೆ ಆ ಹಿಡಿತ ಸಡಿಲವಾಗುತ್ತೆ. ಸಂಪರ್ಕಗಳ ನಡುವೆ ಕಿಡಿ ಹಾರಿ, ಲೋಹ ಕರಗಿ, ಅವು ಅಂಟಿಕೊಳ್ಳಬಹುದು. ಆಮೇಲೆ ರಿಮೋಟಿನಿಂದ ಕೈ ತೆಗೆದರೂ ವಿಂಚು ನಿಲ್ಲೋಲ್ಲ. ಕೊಕ್ಕೆ ಬಂದು ಬಂಪರಿಗೆ ಬಡಿಯುತ್ತೆ, ಇಲ್ಲವೇ ಹಗ್ಗ ಹಿಡಿದಿದ್ದವರ ಕೈ ಒಳಗೆ ಹೋಗುತ್ತೆ.

ಅದಕ್ಕೇ ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ, ಕೈಗೆ ತಕ್ಷಣ ಸಿಗುವಂತೆ, ಈ ಕರೆಂಟನ್ನು ತಡೆಯುವ ದಪ್ಪ ಐಸೊಲೇಟರ್ ಸ್ವಿಚ್ ಇರಲೇಬೇಕು. ವಿಂಚ್ ಬಳಸದಾಗ ಅದು ಸದಾ ಆಫ್. ಮುಂದೆ ಡಿಕ್ಕಿಯಾಗಿ ಕೇಬಲ್ ಜಜ್ಜಿಹೋದರೂ ಅದರಲ್ಲಿ ಕರೆಂಟೇ ಇರೋದಿಲ್ಲ. ಇಲ್ಲದಿದ್ದರೆ ಶಾರ್ಟ್ ಆದಾಗ ಬ್ಯಾಟರಿ ಸಾವಿರ ಆಂಪಿಯರನ್ನೂ ಮೀರಿ ಸುರಿಯಬಲ್ಲದು. ಕೇಬಲ್ ತಗಡಿನ ಅಂಚು ದಾಟುವಲ್ಲೆಲ್ಲ ರಬ್ಬರ್ ಗ್ರೊಮೆಟ್ ಹಾಕಿ, ಉದ್ದಕ್ಕೂ ಕೊಳವೆ ತೊಡಿಸಿ, ರೇಡಿಯೇಟರ್ ಫ್ಯಾನಿನಿಂದ ದೂರ ಕಟ್ಟಿ.

ನೀರು, ಬಿಸಿಲು, ಹಗ್ಗ

ಬಿಸಿಯಾದ ಮೋಟಾರು ಹೊಳೆಗಿಳಿದರೆ ಒಳಗಿನ ಗಾಳಿ ತಣಿದು ಕುಗ್ಗಿ, ಸೀಲುಗಳ ಸಂದಿನಿಂದ ನೀರು ಹೀರಿಕೊಳ್ಳುತ್ತೆ. ಐಪಿ 67 ಗುರುತು ಇದ್ದರೆ ಒಳ್ಳೆಯದು. ಆದರೂ ನೀರು ದಾಟಿದ ದಿನವೇ, ಮತ್ತು ತಿಂಗಳಿಗೊಮ್ಮೆ, ಹಗ್ಗ ಬಿಚ್ಚಿ ಲಘು ಭಾರದಲ್ಲಿ ಸುತ್ತಿ. ಟರ್ಮಿನಲ್ಲುಗಳಿಗೆ ಗ್ರೀಸ್ ಸವರಿ.

ಸಿಂಥೆಟಿಕ್ ಹಗ್ಗ ಹಗುರ, ತುಂಡಾದರೆ ಉಕ್ಕಿನಷ್ಟು ಜೋರಾಗಿ ಬಡಿಯೋದಿಲ್ಲ. ಅದರ ಶತ್ರುಗಳು ಬಿಸಿಲು, ಮರಳು, ಶಾಖ. ಬ್ರೇಕ್ ಡ್ರಮ್ಮಿನೊಳಗೇ ಇರುವ ವಿಂಚ್‌ಗಳಲ್ಲಿ ಭಾರ ಹೊತ್ತು ಹಗ್ಗ ಬಿಡುವಾಗ ಡ್ರಮ್ಮು ಕಾದು ಒಳಪದರ ಸುಟ್ಟೀತು. ಉಕ್ಕಿನದಾದರೆ ಚರ್ಮದ ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಒಂದೆಳೆ ಎದ್ದಿದ್ದರೂ ಅಂಗೈ ಸೀಳುತ್ತೆ. ಯಾವ ಹಗ್ಗವಾದರೂ ಮೇಲೆ ಭಾರದ ಹೊದಿಕೆ ಹಾಕಿ. ಮರಕ್ಕೆ ಅಗಲದ ಪಟ್ಟಿಯನ್ನೇ ಸುತ್ತಿ, ಕಾಫಿ ತೋಟದ ಮರದ ತೊಗಟೆ ಸುಲಿದರೆ ಅದು ಸಾಯುತ್ತೆ.

ಇನ್ನೊಂದು ಮಾತು. ವಿಂಚ್ ಕೂರಿಸೋದು ಚಾಸಿಗೆ ಬೋಲ್ಟ್ ಮಾಡಿದ ಗಟ್ಟಿ ತಟ್ಟೆಯ ಮೇಲೆ, ಪ್ಲಾಸ್ಟಿಕ್ ಬಂಪರಿನ ಮೇಲಲ್ಲ. ಅದರ ಜತೆಗೆ ಬುಲ್ ಬಾರ್ ಬೇಡ. ಅನುಮತಿಯಿಲ್ಲದ ಕ್ರ್ಯಾಶ್ ಗಾರ್ಡ್‌ಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಗಾಡಿಗೆ ಏನೇ ಬದಲಾವಣೆ ಮಾಡುವ ಮುನ್ನ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ.

ಈ ಸಲ ನಮ್ಮಲ್ಲಿ ಯಾರಾದರೂ ಘಟ್ಟಕ್ಕೆ ಹೊರಟರೆ ಒಂದನ್ನು ಮಾತ್ರ ಗಟ್ಟಿಯಾಗಿ ಪಾಲಿಸೋಣ: ಹಗ್ಗ ಬಿಗಿಯಾಗುವ ಮೊದಲು ಎಲ್ಲರೂ ಬಿಚ್ಚಿದ ಹಗ್ಗದ ಒಂದೂವರೆ ಪಟ್ಟು ದೂರ ಸರಿಯಬೇಕು, ವಿಡಿಯೋ ತೆಗೆಯುವವರೂ ಸೇರಿ. ಬಿಗಿದ ಹಗ್ಗವನ್ನು ಯಾರೂ ದಾಟಬಾರದು. ಗಾಡಿ ಸಂಜೆ ತನಕ ಕೆಸರಲ್ಲೇ ಇದ್ದರೂ ಪರವಾಗಿಲ್ಲ, ಎಳೆಯೋಕೆ ನಾಳೆಯೂ ಇದೆ.