ಅಂಕಗಳ ಕಂಠಾಭರಣ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲವು ‘ಕವಿರಾಜಮಾರ್ಗ’ದಿಂದಾಗಿ ಕನ್ನಡಿಗರಿಗೆಲ್ಲ ಚಿರಪರಿಚಿತವಾಗಿದೆ. ಅದೇ 9ನೆಯ ಶತಮಾನದಲ್ಲಿ ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು, ಗ್ರಂಥಾರಂಭದಲ್ಲಿ ಆ ದೊರೆಯನ್ನು ಕೊಂಡಾಡಿ, ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು.

ಗುಣಾಕಾರವನ್ನು ಬೋಧಿಸುವಾಗ ಆಚಾರ್ಯರು ಹಾರದಂತೆ ಎರಡು ಕಡೆಯಿಂದಲೂ ಸಮನಾಗಿ ಕಾಣುವ ಗುಣಲಬ್ಧಗಳನ್ನು ಆಯ್ದುಕೊಂಡಿದ್ದಾರೆ. ಕೆಲವನ್ನು ಕಂಠಾಭರಣವೆಂದೇ ಕರೆದಿದ್ದಾರೆ. ಅವುಗಳಲ್ಲೊಂದು, 27994681ನ್ನು 441ರಿಂದ ಗುಣಿಸಿದಾಗ ದೊರೆಯುವ 12345654321. ಎಂದರೆ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಂದರಿಂದ ಆರಕ್ಕೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಈ ಅಂಕಮಾಲೆ ಕೇವಲ ಆಕಸ್ಮಿಕವೇ?

ಅಲ್ಲ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111 ಬರುತ್ತದೆ. ಆದುದರಿಂದ ಈ ಮಹಾಸಂಖ್ಯೆಯು 111111ರ ವರ್ಗವೇ ಆಗಿದೆ. 111111ನ್ನು ಅದರಿಂದಲೇ ಗುಣಿಸುವಾಗ ಅದೇ ಸಾಲನ್ನು ಆರು ಬಾರಿ, ಪ್ರತಿಸಲವೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆಯಬೇಕಷ್ಟೆ. ಆಗ ಬಲತುದಿಯ ಸ್ಥಾನದಲ್ಲಿ ಒಂದೇ ‘ಒಂದು’ ನಿಲ್ಲುತ್ತದೆ; ಮುಂದಿನದರಲ್ಲಿ ಎರಡು, ನಡುವಿನಲ್ಲಿ ಆರು; ಆಮೇಲೆ ಒಂದೊಂದಾಗಿ ಕಡಿಮೆಯಾಗುತ್ತವೆ. ಯಾವ ಮೊತ್ತವೂ ಒಂಬತ್ತನ್ನು ಮೀರದಿರುವುದರಿಂದ ಎಡಕ್ಕೆ ದಶಕ ಹೋಗುವುದಿಲ್ಲ. ಹಾರದ ಅಂದವೂ ಕೆಡುವುದಿಲ್ಲ.

ಈ ಕಾರಣವನ್ನರಿತವನಿಗೆ ಅದರ ಮಿತಿಯೂ ಗೋಚರಿಸುತ್ತದೆ. ಒಂಬತ್ತು ಒಂದುಗಳ ವರ್ಗವಾದ 12345678987654321ರವರೆಗೆ ಸೊಬಗು ನಿಲ್ಲುತ್ತದೆ. ಹತ್ತು ಒಂದುಗಳಿಗೆ ಬಂದೊಡನೆ ನಡುವಿನ ಮೊತ್ತ ಹತ್ತಾಗಿ, ದಶಕವು ಎಡಕ್ಕೆ ಸರಿದು, ವರ್ಗವು 1234567900987654321 ಆಗುತ್ತದೆ. ಹಾರದ ದಾರ ಅಲ್ಲಿ ಹರಿಯುತ್ತದೆ.

ಇನ್ನೊಂದು ವಿಶೇಷವುಂಟು. 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13 ಮತ್ತು 37. ವರ್ಗದಲ್ಲಿ ಇವು ಎರಡೆರಡು ಬಾರಿ ಇರುತ್ತವೆ. ಭಾಜಕವೊಂದನ್ನು ರಚಿಸುವಾಗ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ಅಥವಾ ಎರಡು ಬಾರಿ ತೆಗೆದುಕೊಳ್ಳಬಹುದು. ಹೀಗೆ ಐದು ಮೂರುಗಳ ಗುಣಲಬ್ಧದಂತೆ ಒಟ್ಟು 243 ಭಾಜಕಗಳು. ಭಾಜಕಗಳು ಜೋಡಿಜೋಡಿಯಾಗಿ ಬರುತ್ತವೆ. 111111 ಮಾತ್ರ ತನಗೆ ತಾನೇ ಜೋಡಿ. ಆದ್ದರಿಂದಲೇ ಅವುಗಳ ಎಣಿಕೆ ಬೆಸಸಂಖ್ಯೆ.

ಮಗ್ಗಿಯನ್ನು ಕಂಠಪಾಠ ಮಾಡಿದವನಿಗೆ ಉತ್ತರ ದೊರೆಯುತ್ತದೆ. ಏಕೆಂದು ಕೇಳಿದವನಿಗೆ ಗಣಿತವೇ ದೊರೆಯುತ್ತದೆ. ವಿದ್ಯಾರ್ಥಿಗಳು ಈ ಗುಣಾಕಾರವನ್ನು ತಮ್ಮ ಕೈಯಿಂದಲೇ ಮಾಡಿ ನೋಡಲಿ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಆಚಾರ್ಯರು ಪೋಣಿಸಿದ ಹಾರವು ಅವರ ಹಾಳೆಯ ಮೇಲೆಯೂ ಒಂದು ಮಣಿ ತಪ್ಪದೆ ಮೂಡುವುದು.