ಹಳೆಯ ಕಾರಿಗೆ ಹೊದಿಕೆಯೇ ಹಗೆ!

ಕರಾವಳಿಯ ಮನೆಗಳ ಅಂಗಳದಲ್ಲಿ, ಮಲೆನಾಡಿನ ತೋಟದ ಮನೆಗಳ ಮೂಲೆಯಲ್ಲಿ ಇಂದಿಗೂ ಅಂಬಾಸಿಡರ್ ಕಾರುಗಳು ಕಾಣಸಿಗುತ್ತವೆ. ಅಜ್ಜ ಕೊಂಡದ್ದು, ಅಪ್ಪ ಓಡಿಸಿದ್ದು. ಮಾರಲು ಮನಸ್ಸಿಲ್ಲ, ನಿಲ್ಲಿಸಲು ಶೆಡ್ಡೂ ಇಲ್ಲ. ಮಳೆಗಾಲ ಬಂತೆಂದರೆ ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು, ಮನೆಯವರು ನೆಮ್ಮದಿಯ ಉಸಿರು ಬಿಡುತ್ತಾರೆ. ನಾಲ್ಕು ತಿಂಗಳ ನಂತರ ಹೊದಿಕೆ ಸರಿಸಿ ನೋಡಿದರೆ ಬಾಗಿಲಿನ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿರುತ್ತದೆ. ಬೆರಳಿನಿಂದ ಒತ್ತಿದರೆ ತಗಡೇ ಪುಡಿಪುಡಿ! ಮಳೆಯ ಹನಿಯೂ ತಾಗದ ಕಾರಿಗೆ ತುಕ್ಕು ಹಿಡಿದದ್ದು ಹೇಗೆ?

ಮೂವರು ಸೇರಿದರೆ ತುಕ್ಕು

ಕಬ್ಬಿಣ, ನೀರು, ಆಮ್ಲಜನಕ. ಈ ಮೂರೂ ಒಂದೆಡೆ ಸೇರಿದರೆ ತುಕ್ಕು ಖಚಿತ. ಕಬ್ಬಿಣದ ಮೇಲೆ ನೀರಿನ ತೆಳುಪದರ ನಿಂತೊಡನೆ ಅಲ್ಲೊಂದು ಪುಟ್ಟ ವಿದ್ಯುತ್‌ಕೋಶ ಹುಟ್ಟಿಕೊಳ್ಳುತ್ತದೆ. ಒಂದು ಕಡೆ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುತ್ತವೆ. ಇನ್ನೊಂದು ಕಡೆ ಆಮ್ಲಜನಕ ಆ ಎಲೆಕ್ಟ್ರಾನುಗಳನ್ನು ಪಡೆಯುತ್ತದೆ. ಕೊನೆಗೆ ಉಳಿಯುವ ಜಲಯುಕ್ತ ಕಬ್ಬಿಣದ ಆಕ್ಸೈಡೇ ತುಕ್ಕು. ಅದು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಬಣ್ಣವನ್ನು ಒಳಗಿನಿಂದಲೇ ಎತ್ತಿ ಸೀಳುತ್ತದೆ. ಕಡಲ ಗಾಳಿಯ ಉಪ್ಪು ಸೇರಿದರೆ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿದು, ಈ ಕೆಲಸ ಇನ್ನೂ ಬೇಗ ನಡೆಯುತ್ತದೆ.

ಕೇಂಬ್ರಿಜ್‌ನ ವಿಜ್ಞಾನಿ ಯು. ಆರ್. ಇವಾನ್ಸ್ 1920ರ ದಶಕದಲ್ಲಿ ಕಬ್ಬಿಣದ ಮೇಲೆ ಉಪ್ಪುನೀರಿನ ಹನಿಯಿಟ್ಟು ಒಂದು ವಿಚಿತ್ರವನ್ನು ವಿವರಿಸಿದರು. ಹನಿಯ ಅಂಚಿಗೆ ಗಾಳಿ ಚೆನ್ನಾಗಿ ಸಿಗುತ್ತದೆ, ನಡುವಿಗೆ ಸಿಗುವುದಿಲ್ಲ. ಆದರೆ ಸವೆಯುವುದು ಗಾಳಿ ಸಿಗದ ನಡುಭಾಗವೇ! ಮಡ್‌ಗಾರ್ಡಿನ ಒಳಗೆ ಮೆತ್ತಿದ ಹಸಿಮಣ್ಣಿನ ಅಡಿಯಲ್ಲಿ, ತಗಡಿನ ಸಂದುಗಳಲ್ಲಿ ತುಕ್ಕು ಆಳಕ್ಕಿಳಿಯುವ ಗುಟ್ಟು ಇದೇ.

ಟಾರ್ಪಾಲಿನ ಒಳಗಿನ ಮಳೆ

ಹಗಲಿನಲ್ಲಿ ಅಂಗಳದ ಹಸಿನೆಲದಿಂದ ಆವಿ ಏಳುತ್ತದೆ. ಬಿಗಿದ ಪ್ಲಾಸ್ಟಿಕ್ ಅದನ್ನು ಹೊರಗೆ ಬಿಡುವುದಿಲ್ಲ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ಆವಿಯನ್ನು ಹಿಡಿದಿಡಬಲ್ಲದು. 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ಮಿಕ್ಕ 13 ಗ್ರಾಂ ರಾತ್ರಿ ತಣ್ಣಗಾದ ತಗಡಿನ ಮೇಲೆ ಹನಿಗಟ್ಟುತ್ತದೆ. ಬಯಲಲ್ಲಿ ನಿಂತ ಕಾರು ನೆನೆದರೂ ಬಿಸಿಲು, ಗಾಳಿಗೆ ಒಣಗೀತು. ಮುಸುಕಿನೊಳಗಿನ ಕಾರಿಗೆ ಒಣಗುವ ಅವಕಾಶವೇ ಇಲ್ಲ.

ಅಂಬಾಸಿಡರ್‌ಗೆ ಇದು ಬರೀ ಅಂದಚೆಂದದ ಪ್ರಶ್ನೆಯಲ್ಲ. ಲಾರಿಗಿರುವಂಥ ಪ್ರತ್ಯೇಕ ಚಾಸಿ ಇದಕ್ಕಿಲ್ಲ. ಬಾಡಿಯ ತಗಡೇ ಭಾರ ಹೊರಬೇಕು. ತಳ ತುಕ್ಕು ಹಿಡಿದರೆ ಕಾರಿನ ಬೆನ್ನೆಲುಬೇ ಮುರಿದಂತೆ. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಇದರ ತಯಾರಿಕೆ 2014ರಲ್ಲೇ ನಿಂತುಹೋಗಿದೆ.

ಏನು ಮಾಡಬೇಕು?

ಮೊದಲು ಕಾರನ್ನು ಸಿಹಿನೀರಿನಲ್ಲಿ, ಮುಖ್ಯವಾಗಿ ತಳವನ್ನು, ಚೆನ್ನಾಗಿ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ಬಾಗಿಲುಗಳ ಕೆಳಅಂಚಿನಲ್ಲಿ ನೀರು ಬಸಿಯುವ ಸಣ್ಣ ತೂತುಗಳಿರುತ್ತವೆ; ಕಟ್ಟಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಬೇಕು. ಒಳಗಿನ ಮ್ಯಾಟುಗಳನ್ನು ತೆಗೆದಿಡಬೇಕು. ಬಣ್ಣ ಕಿತ್ತ ಜಾಗವನ್ನು ಉಜ್ಜಿ ಪ್ರೈಮರ್ ಹಚ್ಚಿ, ಮೇಲೆ ಬಣ್ಣ ಬಳಿಯಬೇಕು. ಉಳಿದೆಡೆ ವ್ಯಾಕ್ಸ್ ಪಾಲಿಷ್ ಸಾಕು.

ಹುಲ್ಲು, ಹಸಿಮಣ್ಣಿನ ಮೇಲೆ ನಿಲ್ಲಿಸದೆ, ನೀರು ನಿಲ್ಲದ ಎತ್ತರದ ಜಾಗದಲ್ಲಿ ಚಪ್ಪಡಿ ಅಥವಾ ಜಲ್ಲಿಯ ಮೇಲೆ ನಿಲ್ಲಿಸುವುದು ಒಳ್ಳೆಯದು. ಟಾರ್ಪಾಲು ಬೇಕೇ ಬೇಕು, ಆದರೆ ಕಾರಿನ ಮೈಗಲ್ಲ. ನಾಲ್ಕು ಕಂಬ ನೆಟ್ಟು ಚಪ್ಪರದಂತೆ ಮೇಲೆ ಕಟ್ಟಿ, ಸುತ್ತ ಗಾಳಿಯಾಡಲು ಬಿಡಬೇಕು. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳಬಹುದು; ಅದರ ಬದಲು ಚಕ್ರಗಳಿಗೆ ಮರದ ತುಂಡು ಕೊಡಬೇಕು.

ವಾರಕ್ಕೊಮ್ಮೆ ಎಂಜಿನ್ ಐದು ನಿಮಿಷ ಚಾಲೂ ಮಾಡಿ ನಿಲ್ಲಿಸುವ ಅಭ್ಯಾಸ ಹಲವರಿಗಿದೆ. ಅದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸರಿಸುಮಾರು ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ! ಸೈಲೆನ್ಸರ್ ಬಿಸಿಯಾಗುವ ಮುನ್ನ ಎಂಜಿನ್ ನಿಲ್ಲಿಸಿದರೆ ಆ ನೀರು ಅಲ್ಲೇ ಉಳಿದು ಒಳಗಿನಿಂದ ಕೊರೆಯುತ್ತದೆ. ಓಡಿಸುವುದಾದರೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಬೇಕು.

ನೀವೇ ಮಾಡಿ ನೋಡಿ

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹೊಳೆಯುವ ಎರಡು ಕಬ್ಬಿಣದ ಮೊಳೆಗಳನ್ನು ಉಪ್ಪುನೀರಿನಲ್ಲಿ ಅದ್ದಿ ತೆಗೆಯಿರಿ. ಒಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಇನ್ನೊಂದನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಗಾಳಿಯಾಡುವ ಕಿಟಕಿಯಲ್ಲಿಡಿ. ವಾರದ ನಂತರ ಎರಡನ್ನೂ ಅಪ್ಪ ಅಮ್ಮನಿಗೆ ತೋರಿಸಿ. ಈ ಮಳೆಗಾಲದಲ್ಲಿ ಟಾರ್ಪಾಲನ್ನು ಎಲ್ಲಿ ಕಟ್ಟಬೇಕೆಂದು ಅವರಿಗೆ ಬೇರೆ ಹೇಳಬೇಕಾಗಿಲ್ಲ.