ಬೋರ್ಡು ಬದಲಿಸಿದರೆ ಸಾಲದೇ?

ಕಾಲೇಜೊಂದು ‘ವಿಶ್ವವಿದ್ಯಾಲಯ’ ಅನ್ನಿಸಿಕೊಳ್ಳಲು ವರ್ಷಗಟ್ಟಲೆ ಹೋರಾಡಬೇಕೇಕೆ? ಹೊಸ ಬೋರ್ಡು ಬರೆಸಿದರೆ ಆಗದೇ?
– ಓದುಗರು, ಕುಬಟೂರು

ಆಗದು. 1956ರ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಕಾಯ್ದೆಯ 23ನೇ ಸೆಕ್ಷನ್ ಆ ಪದಕ್ಕೇ ಬೀಗ ಹಾಕಿದೆ. ಶಾಸನದಿಂದ ಹುಟ್ಟಿದ ಸಂಸ್ಥೆಗಷ್ಟೇ ಆ ಹೆಸರು. 2017ರಲ್ಲಿ, ವಿಶ್ವವಿದ್ಯಾಲಯಕ್ಕೆ ಸಮಾನವೆಂದು ಪರಿಗಣಿಸಲಾದ ‘ಡೀಮ್ಡ್’ ಸಂಸ್ಥೆಗಳಿಗೂ ಬರೀ ‘ಯೂನಿವರ್ಸಿಟಿ’ ಎಂದು ಬರೆದುಕೊಳ್ಳಬೇಡಿ ಎಂದು ಯುಜಿಸಿ ತಾಕೀತು ಮಾಡಿತು.

ಸೊರಬದ ಪದವಿ ಕಾಲೇಜಿನ ಅಂಕಪಟ್ಟಿ ತೆಗೆದು ನೋಡಿ. ಪಾಠ ಮಾಡಿದ್ದು ಕಾಲೇಜು; ಮೇಲಿರುವ ಹೆಸರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ್ದು. ಊರಿನ ಅಂಚೆ ಕಚೇರಿ ಸ್ಟಾಂಪು ಮಾರಬಹುದು, ಅಚ್ಚು ಹಾಕುವಂತಿಲ್ಲವಲ್ಲ, ಹಾಗೆ. ರಾಜ್ಯದ ವಿಶ್ವವಿದ್ಯಾಲಯವಾಗಿ ಅಚ್ಚಿನ, ಅಂದರೆ ಪದವಿ ಕೊಡುವ, ಅಧಿಕಾರ ಬೇಕಾದರೆ ವಿಧಾನಮಂಡಲ ಮಸೂದೆ ಒಪ್ಪಬೇಕು, ರಾಜ್ಯಪಾಲರ ಅಂಕಿತ ಬೀಳಬೇಕು.

1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಯುವಿಸಿಇ ವಿಶ್ವವಿದ್ಯಾಲಯವಾದದ್ದು 2021ರ ಕಾಯ್ದೆಯಿಂದ. ತಮಾಷೆಯೆಂದರೆ, ‘ಯೂನಿವರ್ಸಿಟಿ ಆಫ್ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಎಂಜಿನಿಯರಿಂಗ್’ ಎಂಬ ಹೆಸರಿನೊಳಗೆ ‘ಕಾಲೇಜ್’ ಇನ್ನೂ ಕೂತೇ ಇದೆ!